ಬೆವರದ ಹೂಜಿ

ಕಳೆದುಹೋದ ಸಾಮಾನುಗಳ ಕೌಂಟರಿಗೆ ಬರುವವರು ಟೋಪಿ ಕೇಳುತ್ತಾರೆ, ಕನ್ನಡಕ ಕೇಳುತ್ತಾರೆ, ಆಗೊಮ್ಮೆ ಈಗೊಮ್ಮೆ ಮಗುವನ್ನೂ ಕೇಳುತ್ತಾರೆ. ಆ ದಿನ ಊಟದ ಹೊತ್ತಿಗೆ ಬಂದ ಹುಡುಗಿ ಇವು ಯಾವುದನ್ನೂ ಕೇಳಲಿಲ್ಲ.

"ನಮ್ಮಪ್ಪ ಕುಡಿದಿದ್ರಾ, ಇಲ್ವಾ? ಅಷ್ಟು ಹೇಳಿ ಸಾಕು," ಎಂದಳು.

ಕೌಂಟರಿನ ಹಿಂದೆ ಕೂತಿದ್ದ ಎಂಗ್ರಾಸಿಯಾ ಬೀಸಣಿಗೆಯನ್ನು ಪಟ್ಟೆಂದು ಮಡಚಿದರು. ಪಕ್ಕದಲ್ಲಿ ನಿಂತಿದ್ದ ಕಾಸ್ಮೆ ತಲೆ ತಗ್ಗಿಸಿದ. ಹುಡುಗಿ ಯಾರೆಂದು ಅವನಿಗೆ ಗೊತ್ತಿತ್ತು. ಅರಾಸೆಲಿ, ಎಲಾದಿಯೊನ ಮಗಳು. ಎಲಾದಿಯೊ ಹಿಂದಿನ ದಿನ ಮಧ್ಯಾಹ್ನ ಇದೇ ಪಾರ್ಕಿನಲ್ಲಿ, ಲಿನ್ಸೊ ಎಂಬ ಕಾಡುಬೆಕ್ಕಿನ ವೇಷ ತೊಟ್ಟು ಮಕ್ಕಳನ್ನು ಕುಣಿಸುತ್ತಿದ್ದವನು, ಬಿಸಿಲಿನ ಹೊಡೆತಕ್ಕೆ ಸತ್ತಿದ್ದ. ಅವನೂ ಕಾಸ್ಮೆಯೂ ಭಾನುವಾರ ಬಂತೆಂದರೆ ಡೊಮಿನೊ ಆಡಲು ಕೂರುತ್ತಿದ್ದವರು. ನಿನ್ನೆಯಿಂದ ಕಾಸ್ಮೆಗೆ ಅಳು ಬಂದಿರಲಿಲ್ಲ, ಹಸಿವಾಗಿರಲಿಲ್ಲ, ಸೆಕೆ ಕೂಡ ಆಗಿರಲಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ಕೆನ್ನೆ ಮರಗಟ್ಟುತ್ತದಲ್ಲ, ಹಾಗೆ ಮೈಯೆಲ್ಲ ಮರಗಟ್ಟಿತ್ತು.

"ಯಾರಮ್ಮ ಹೇಳಿದ್ದು ಕುಡಿದಿದ್ರು ಅಂತ?" ಎಂಗ್ರಾಸಿಯಾ ಕೇಳಿದರು.

"ಮ್ಯಾನೇಜರು. ಅಪ್ಪನ ನೀರಿನ ಹೂಜೀಲಿ ಸೋಂಪಿನ ಸಾರಾಯಿ ವಾಸನೆ ಇತ್ತಂತೆ. ಕುಡ್ಕೊಂಡು ವೇಷ ಹಾಕಿ ಈ ಬಿಸಿಲಲ್ಲಿ ಕುಣಿದ್ರೆ ಇನ್ನೇನಾಗುತ್ತೆ ಅಂದ್ರು."

"ರಕ್ತ ಪರೀಕ್ಷೆ ಮಾಡ್ತಾರಲ್ಲ."

"ಮಾಡ್ತಾರೆ. ಆಗಸ್ಟಿನ ಬೇಸಿಗೆ ರಜೆ ಅಲ್ವಾ, ಅರ್ಧ ಜನ ಸಮುದ್ರದ ದಡದಲ್ಲಿದಾರೆ. ವಾರಗಟ್ಟಲೆ ಆಗುತ್ತಂತೆ. ಮಣ್ಣು ಮಾಡೋದು ನಾಳೆ ಬೆಳಿಗ್ಗೆ."

ಅರಾಸೆಲಿ ಅಳಲಿಲ್ಲ. ಔಷಧದಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಗಿರಾಕಿಗೆ ಮಾತ್ರೆ ತಗೊಳ್ಳುವ ರೀತಿ ವಿವರಿಸುವ ಹಾಗೆ ಹೇಳುತ್ತ ಹೋದಳು. ಅವಳ ತಾಯಿ ತೀರಿಕೊಂಡು ಕೆಲವು ವರ್ಷವಾಗಿತ್ತು. ಶವಪೆಟ್ಟಿಗೆಗಳನ್ನು ಇಟ್ಟು ಮುಚ್ಚುವ ಸ್ಮಶಾನದ ಗೋಡೆಯಲ್ಲಿ ತಾಯಿಯ ಗೂಡಿನ ಪಕ್ಕದ ಗೂಡು ಖಾಲಿ ಇತ್ತು. ಸಾಯುವ ಮುಂಚೆ ತಾಯಿ ಮಗಳಿಗೆ ಒಂದು ಮಾತು ಹೇಳಿದ್ದಳು.

"'ನಿಮ್ಮಪ್ಪ ಬಿಟ್ಟ ಕುಡಿತ ಬಿಟ್ಟ ಹಾಗೇ ಸತ್ರೆ ನನ್ ಪಕ್ಕ ಇಡು. ಮತ್ತೆ ಶುರು ಮಾಡಿ ಸತ್ರೆ ಬೇಡ. ಬದುಕಿದ್ದಾಗ ಆ ವಾಸನೆ ಪಕ್ಕ ಮಲಗಿದ್ದೇ ಸಾಕಾಗಿದೆ,' ಅಂದ್ಲು. ಮಾತು ಕೊಟ್ಟಿದೀನಿ. ಯಾವ ಗೂಡು ಅಂತ ಇವತ್ತು ಸ್ಮಶಾನದವರಿಗೆ ಹೇಳ್ಬೇಕು. ಒಂದ್ಸಲ ಮುಚ್ಚಿದ್ರೆ ಮುಗೀತು. ಅಮ್ಮಂಗೆ ಸುಳ್ಳು ಹೇಳೋಕಾಗಲ್ಲ ನಂಗೆ. ಅಪ್ಪನ್ನ ಅನ್ಯಾಯವಾಗಿ ದೂರ ಇಡೋಕೂ ಆಗಲ್ಲ."

"ಸಂಜೆ ಬಾ," ಎಂದರು ಎಂಗ್ರಾಸಿಯಾ. "ಊಟ ಮಾಡಿ ಬಾ. ಮಾಡಲ್ಲ ಅಂತ ಗೊತ್ತು, ಆದ್ರೂ ಹೇಳ್ತಿದೀನಿ."

ಎಂಗ್ರಾಸಿಯಾ ಸೆವಿಲ್ಯಾದ ಪೊಲೀಸ್ ಖಾತೆಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಕೂತು ತಲೆ ಕೆಟ್ಟು, ಎಸಿಹಾ ಊರಾಚೆಯ ಈ 'ಮುಂದೋ ಲಿನ್ಸೊ' ಪಾರ್ಕಿಗೆ ಬಂದು ಸೇರಿದ್ದರು. ಕೌಂಟರಿಗೆ ಒಳ್ಳೆಯ ನೆರಳಿದೆ ಎಂಬುದೊಂದೇ ಕಾರಣ ಎಂದು ಹೇಳಿಕೊಳ್ಳುತ್ತಿದ್ದರು. ಪಾರ್ಕಿನಲ್ಲಿ ಏನೇ ಎಡವಟ್ಟಾದರೂ ಜನ ಮ್ಯಾನೇಜರನ ಹತ್ತಿರ ಹೋಗುತ್ತಿರಲಿಲ್ಲ, ಇಲ್ಲಿಗೆ ಬರುತ್ತಿದ್ದರು, ಅಮ್ಮನವರೇ ಎನ್ನುವ ಹಾಗೆ ಮರ್ಯಾದೆಯಿಂದ 'ದೋಣ್ಯಾ' ಎಂದು ಕರೆಯುತ್ತಿದ್ದರು. ಗೇಟಿನ ಕಾವಲುಗಾರ ಕಾಸ್ಮೆ ಅವರ ಬಲಗೈ. ಕಂಡದ್ದೆಲ್ಲ ಅವನ ತಲೆಯಲ್ಲಿ ಹಾಗೇ ಉಳಿಯುತ್ತಿತ್ತು. ಆದರೆ ಅದರಿಂದ ಏನು ತಿಳಿಯಬೇಕು ಎನ್ನುವುದು ಮಾತ್ರ ಅವನಿಗೆ ಒಂದು ದಿನವೂ ಹೊಳೆದಿರಲಿಲ್ಲ.

"ನಿನ್ನೆ ಕಂಡದ್ದನ್ನೆಲ್ಲ ಹೇಳ್ತಾ ಬಾ," ಎಂದು ಎಂಗ್ರಾಸಿಯಾ ಛತ್ರಿ ಬಿಚ್ಚಿ ನಡೆದರು. "ಯಾವುದು ಮುಖ್ಯ ಅಂತ ಯೋಚ್ನೆ ಮಾಡೋಕೆ ಹೋಗ್ಬೇಡ. ಅದು ನಿನ್ ಕೈಲಾಗೋ ಕೆಲಸ ಅಲ್ಲ."

ನಲವತ್ತೈದು ಡಿಗ್ರಿ. ದಾರಿಗುಂಟ ಕೊಳವೆಗಳು ನೀರಿನ ಹನಿ ಚಿಮುಕಿಸುತ್ತಿದ್ದವು. ಹನಿ ನೆಲ ಮುಟ್ಟುವ ಮುಂಚೆಯೇ ಮಾಯವಾಗುತ್ತಿತ್ತು. ಬಂದವರೆಲ್ಲ ನೀರಾಟದ ಕೊಳದಲ್ಲಿ ಮುಳುಗಿ ಕೂತಿದ್ದರು. ತಿರುಗುವ ಕುದುರೆಗಳು ಒಂದು ಮಗುವೂ ಇಲ್ಲದೆ ಸುಮ್ಮನೆ ಸುತ್ತುತ್ತಿದ್ದವು.

ಕಾಸ್ಮೆ ಹೇಳಿದ. ನಿನ್ನೆ ಕುದುರೆಗಳ ಹಿಂದಿನ ಬೆಂಚಿನ ಮೇಲೆ ಎಲಾದಿಯೊ ಒರಗಿ ಕೂತಿದ್ದ. ಮೈಮೇಲೆ ವೇಷ ಹಾಗೇ ಇತ್ತು, ಲಿನ್ಸೊನ ತಲೆ ಮಾತ್ರ ಪಕ್ಕದಲ್ಲಿತ್ತು. ಮೊದಲು ನೋಡಿದವನು ರೊಸೆಂದೊ. ವೇಷದವರು ಎಡವಿ ಬೀಳದಂತೆ ಕೈಹಿಡಿದು ನಡೆಸುವುದು ಅವನ ಕೆಲಸ. ಅವನು ಕೂಗಿದಾಗ ಕಾಸ್ಮೆ ಓಡಿಬಂದ, ಮ್ಯಾನೇಜರ್ ಕೋಲ್ದೊ ಬಂದ, ವೇಷಗಳನ್ನು ನೋಡಿಕೊಳ್ಳುವ ವಿಸಿ ಬಂದಳು.

"ಒಬ್ಬೊಬ್ಬರ ಮುಖ ಹೇಗಿತ್ತು?"

"ರೊಸೆಂದೊ ಬೆವತು ತೊಪ್ಪೆಯಾಗಿದ್ದ. ಕೋಲ್ದೊ ಮುಖ ಕೆಂಪಗಾಗಿತ್ತು, ಅದು ಯಾವಾಗ್ಲೂ ಹಾಗೇ. ವಿಸಿ ಅಳ್ತಿದ್ಲು. ಕೆನ್ನೆ ಮೇಲೆ ಚೌಕ ಚೌಕ ಗೆರೆ ಬಿದ್ದಿತ್ತು. ಬಟ್ಟೆ ಬುಟ್ಟಿಗೆ ಮುಖ ಒತ್ತಿಕೊಂಡು ಅತ್ತಿರ್ಬೇಕು, ಪಾಪ. ಅವಳಿಗೂ ಎಲಾದಿಯೊಗೂ ತುಂಬ ಸಲಿಗೆ."

"ಆಮೇಲೆ?"

"ಬಾಯಿ ಒಣಗಿತ್ತು. ತಂಪುಕೋಣೆ ಬಾಗಿಲಲ್ಲಿ ಎಲಾದಿಯೊ ಹೂಜಿ ಇತ್ತಲ್ಲ, ಎತ್ತಿ ಕುಡಿದೆ. ನೀರು ಬೆಚ್ಚಗಿತ್ತು. ಮಣ್ಣು ಮಣ್ಣು. ಹಿಂದೇನೇ ಸೋಂಪಿನ ವಾಸನೆ. ನನ್ ನಾಲಿಗೇನೇ ಕೆಟ್ಟಿದೆ ಅಂದ್ಕೊಂಡೆ. ಅಷ್ಟರಲ್ಲಿ ಕೋಲ್ದೊ ಬಂದು ನನ್ ಕೈಯಿಂದ ಕಿತ್ಕೊಂಡ."

"ಅವನು ಹೇಗೆ ಕುಡಿದ?"

"ದೊಡ್ಡ ಬಾಯಿಗೇ ತುಟಿ ಹಚ್ಚಿ. ಈ ಚೊಂಬಿಗೆ ಎರಡು ಬಾಯಿ ಯಾಕೆ ಅಂತ ಬೇರೆ ಕೇಳಿದ. ನೀರು ತುಂಬೋ ಬಾಯಿ ಅದು ಅಂತ ಹೇಳೋಕೂ ನಂಗೆ ಮನಸ್ಸಾಗ್ಲಿಲ್ಲ."

ಎಂಗ್ರಾಸಿಯಾ ನಕ್ಕರು. ಕೋಲ್ದೊ ಉತ್ತರದ ಮಳೆನಾಡಿನವನು, ಬಿಲ್ಬಾವೊ ಕಡೆಯವನು. ಇಲ್ಲಿ ಮಕ್ಕಳು ನಡೆಯಲು ಕಲಿಯುವಾಗಲೇ ಹೂಜಿಯನ್ನು ಮೇಲೆತ್ತಿ, ಸಣ್ಣ ಮೂತಿಯಿಂದ ಧಾರೆ ಹಿಡಿದು, ತುಟಿ ತಾಗಿಸದೆ ಕುಡಿಯಲು ಕಲಿಯುತ್ತವೆ.

"ಹೂಜಿ ಎತ್ತಿದಾಗ ನಿನ್ ಕೈ ಒದ್ದೆಯಾಯ್ತಾ?"

ಕಾಸ್ಮೆ ತನ್ನ ಅಂಗೈ ನೋಡಿಕೊಂಡ. "ಇಲ್ಲ. ತುಂಬಿತ್ತು, ಭಾರವಾಗಿತ್ತು. ಹೊರಗಡೆ ಮಾತ್ರ ಒಣಗಿತ್ತು."

ಸಿಬ್ಬಂದಿಯ ಓಣಿಗೆ ಬಂದರು. ಒಂದು ಬದಿಗೆ ತಂಪುಕೋಣೆ. ವೇಷದೊಳಗೆ ಅರ್ಧ ಗಂಟೆ ಕಳೆದವರು ಇಲ್ಲಿ ಬಂದು ಅಷ್ಟೇ ಹೊತ್ತು ಏಸಿಯಲ್ಲಿ ಮೈ ಆರಿಸಿಕೊಳ್ಳಬೇಕೆಂಬುದು ನಿಯಮ. ಒಳಗೆ ಬೆತ್ತದ ಹೆಣಿಗೆಯ ಮಂಚ, ಗೊರಗುಡುವ ಹಳೆಯ ಏಸಿ, ಬಾಗಿಲಿಗೆ ಒಳಗಿನಿಂದ ಚಿಲಕ. ಎದುರಿಗೆ ವಿಸಿಯ ವೇಷದ ಕೋಣೆ ಮತ್ತು ಬಟ್ಟೆ ಒಗೆಯುವ ಮನೆ. ಬಾಗಿಲ ಪಕ್ಕದ ಮರದ ಪೀಠದ ಮೇಲೆ ಬಿಳಿ ಮಣ್ಣಿನ ಹೂಜಿ ಇತ್ತು. ಇವತ್ತು ಮೈತುಂಬ ಬೆವರಿ ಪೀಠವನ್ನೂ ನೆನೆಸಿತ್ತು. ಎಂಗ್ರಾಸಿಯಾ ಅದನ್ನು ಮೂಸಿದರು, ಒಂದು ಗುಟುಕು ಧಾರೆ ಹಿಡಿದು ಕುಡಿದರು, ಕೆಳಗಿಟ್ಟರು.

ರೊಸೆಂದೊ ಓಣಿಯ ತುದಿಯಲ್ಲಿ ಕಾಡುಹಂದಿ ವೇಷದವನ ತಲೆ ಬಿಚ್ಚುತ್ತಿದ್ದ. ಲಾಳದಂಥ ಕೊಂಡಿ, ಅದು ಕತ್ತಿನ ಹಿಂಭಾಗದಲ್ಲಿತ್ತು.

"ನಿನ್ನೆ ಎಲಾದಿಯೊನ್ನ ಎಲ್ಲಿ ಬಿಟ್ಟೆ?"

"ಓಣಿ ಬಾಯಲ್ಲಿ. ತಂಪುಕೋಣೆ ಕಡೆ ನಡೆದಿದ್ದನ್ನ ಕಣ್ಣಾರೆ ನೋಡಿದೀನಿ. ನಾನು ವಾಪಸ್ ಓಡಿದೆ, ಅಲ್ಲಿ ಹಂದಿ ಒಂದೇ ನಿಂತಿತ್ತು. ಮುಂಚೆ ಒಂದೊಂದು ಪ್ರಾಣಿಗೆ ಒಬ್ಬೊಬ್ಬ ಇರ್ತಿದ್ವಿ. ಈ ಬೇಸಿಗೇಲಿ ಸಾಹೇಬ್ರು ಮೂರಕ್ಕೂ ನನ್ನೊಬ್ಬನ್ನೇ ಕಟ್ಟಿದಾರೆ. ನಂಗೇನು ಆರು ಕಾಲಿದೆಯಾ?"

"ತಲೆ ಬಿಚ್ಚಿದ್ದು ಯಾರು?"

"ವಿಸಿ ಬಿಚ್ಚಿರ್ತಾಳೆ ಅಂದ್ಕೊಂಡೆ. ತಂಪುಕೋಣೇಲಿ ಯಾರಾದ್ರೂ ಇದ್ದೇ ಇರ್ತಾರೆ, ಬಿಚ್ತಾರೆ."

"ಈ ಹೂಜಿ ನೀರು ನೀನೂ ಕುಡೀತೀಯಲ್ಲ?"

"ದಿನಾ. ಎಲಾದಿಯೊ ಹೂಜಿ ಅಂದ್ರೆ ಅಮೃತ. ನಿಂಬೆ ಎಲೆ ಘಮ ಬರ್ತಿತ್ತು. ಹೊಸ ಹೂಜಿಗೆ ಎಲ್ರೂ ಹಾಕೋ ಹಾಗೆ ಸಾರಾಯಿ ಹಾಕಲ್ಲ, ಆ ವಾಸನೆ ಮೂಗಿಗೆ ಬಿದ್ರೆ ಮುಗೀತು ನನ್ ಕತೆ ಅಂತ ನಿಂಬೆ ಎಲೆ ಹಾಕಿ ಹದ ಮಾಡಿದ್ದ." ಅವನು ಮುಖ ಕಿವುಚಿದ. "ನಿನ್ನೆ ಎಲ್ಲಾ ಆದ್ಮೇಲೆ ಬಾಯಿಗೆ ಹಾಕ್ಕೊಂಡೆ. ಗೋಡೆ ನೆಕ್ಕಿದ ಹಾಗಿತ್ತು, ಉಗುಳಿದೆ. ಸೋಂಪಿನ ವಾಸನೆ ಬಂತಲ್ಲ, ಮತ್ತೆ ಶುರು ಮಾಡ್ಕೊಂಡ ಬಡ್ಡೀಮಗ ಅಂತ ಸಿಟ್ಟೂ ಬಂತು. ಸತ್ತೋನ ಮೇಲೆ ಸಿಟ್ಟು ಮಾಡ್ಕೊಂಡು ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ."

ವಿಸಿ ಬಟ್ಟೆ ಒಗೆಯುವ ಮನೆಯ ಬಿಸಿ ಆವಿಯಲ್ಲಿ ಕಾಡುಹಂದಿಯ ಕಾಲುಚೀಲ ಹಿಂಡುತ್ತಿದ್ದಳು. ದುಂಡನೆಯ ಹೆಂಗಸು, ಐವತ್ತು ದಾಟಿದವಳು, ಎಲ್ಲರಿಗೂ ಅಕ್ಕ. ಕಾಸ್ಮೆಯನ್ನು ಕಂಡದ್ದೇ ಫ್ರಿಜ್ ತೆಗೆದು ತಣ್ಣನೆಯ ಟೊಮೇಟೊ ಸಾರಿನ ಲೋಟ ಕೈಗಿಟ್ಟಳು. ಫ್ರಿಜ್ಜಿನ ತುಂಬ ಅವಳ ನೀರಿನ ಬಾಟಲಿಗಳಿದ್ದವು.

"ಕುಡಿಯೋ. ಮುಖ ನೋಡು, ಸುಣ್ಣ ಆಗಿದೆ."

"ನಿನ್ನೆ ಆ ಹೊತ್ತಲ್ಲಿ ಎಲ್ಲಿದ್ದೆ ವಿಸಿ?" ಎಂಗ್ರಾಸಿಯಾ ಕೇಳಿದರು.

"ಇಲ್ಲೇ. ಈ ಮೆಷೀನ್ ಗಲಾಟೇಲಿ ಪ್ರಪಂಚ ಮುಳುಗಿದ್ರೂ ಕೇಳಿಸಲ್ಲ. ಎಲಾದಿಯೊ ಈ ಕಡೆ ಬರ್ಲೇ ಇಲ್ಲ. ತಂಪುಕೋಣೆ ಬಾಗಿಲು ಬೆಳಗಿಂದ ತೆಗೆದೇ ಇತ್ತು, ಅವನು ಯಾಕೆ ಹೋಗಿ ಬೆಂಚಲ್ಲಿ ಕೂತನೋ." ಅವಳ ಕಣ್ಣು ತುಂಬಿತು. "ತಲೆ ರೊಸೆಂದೊ ಬಿಚ್ಚಿರ್ಬೇಕು."

"ಅವನ ಹೂಜಿ ನೀರು ಕುಡಿದಿದೀಯಾ ಯಾವತ್ತಾದ್ರೂ?"

"ನಂಗೆ ಫ್ರಿಜ್ ನೀರೇ ಆಗ್ಬೇಕು ದೋಣ್ಯಾ. ಚಿಕ್ಕಂದಿನಲ್ಲಿ ಅಮ್ಮನ ಮನೇಲಿ ಹೂಜಿ ನೀರು ಕುಡಿದೂ ಕುಡಿದೂ ಸಾಕಾಗಿದೆ."

ಕೋಲ್ದೊ ತನ್ನ ಕಚೇರಿಯಿಂದ ಏಳಲೂ ಇಲ್ಲ. ಅವನ ಕಚೇರಿ ಎಷ್ಟು ತಣ್ಣಗಿತ್ತೆಂದರೆ ಕಾಸ್ಮೆಗೆ ಸೀನು ಬಂತು.

"ಇದರಲ್ಲಿ ಪತ್ತೆ ಮಾಡೋದೇನಿದೆ ದೋಣ್ಯಾ ಎಂಗ್ರಾಸಿಯಾ? ಮನುಷ್ಯ ಕುಡಿದಿದ್ದ, ಕುಡಿದು ವೇಷ ಹಾಕೋದು ನಿಯಮದ ವಿರುದ್ಧ. ಪಾರ್ಕಿನ ತಪ್ಪು ಇದರಲ್ಲಿ ಏನೂ ಇಲ್ಲ."

"ಮೂರು ಪ್ರಾಣಿಗೆ ಒಬ್ಬ ಆಳು ಅನ್ನೋದೂ ನಿಯಮಾನಾ?"

"ಬೇಸಿಗೇಲಿ ಜನ ಎಲ್ಲಾ ಕೊಳದಲ್ಲಿರ್ತಾರೆ. ಅಷ್ಟು ಸಾಕು." ಅವನು ಕಾಗದಕ್ಕೆ ಮುಖ ಹಾಕಿದ. "ಶಿಸ್ತು ತಪ್ಪಿದ ಪಾರ್ಕು ಇದು. ಹೋದ ತಿಂಗಳು ಆ ವಿಸಿ ತಂಪುಕೋಣೇಲಿ ಗೊರಕೆ ಹೊಡೀತಿದ್ಲು, ರೊಸೆಂದೊನೂ ಒಂದ್ಸಲ ಸಿಕ್ಕಿಬಿದ್ದ. ಇನ್ನೊಂದ್ಸಲ ಸಿಕ್ಕಿದ್ರೆ ಮನೆಗೆ ಅಂತ ಇಬ್ಬರಿಗೂ ಹೇಳಿದೀನಿ. ಈ ಊರವರಿಗೆ ಮಧ್ಯಾಹ್ನ ನಿದ್ದೆ ಇಲ್ದೆ ಆಗೋದೇ ಇಲ್ಲ."

"ಮಾಡಿ ನೋಡಿ, ನಿಮ್ ಮುಖಾನೂ ಸ್ವಲ್ಪ ಅರಳುತ್ತೆ," ಎಂದು ಎಂಗ್ರಾಸಿಯಾ ಎದ್ದರು.

ಲಿನ್ಸೊನ ವೇಷ ಅವರದೇ ಕೌಂಟರಿನ ಹಿಂದಿನ ಕೋಣೆಯಲ್ಲಿ ಬಿದ್ದಿತ್ತು. ಆಂಬುಲೆನ್ಸಿನವರು ಬಿಚ್ಚಿ ಬಿಸಾಕಿ ಹೋದದ್ದನ್ನು ಯಾರೋ ತಂದು, ಯಾರದೆಂದು ಗೊತ್ತಿಲ್ಲದ ಸಾಮಾನೆಲ್ಲ ಬರುವ ಜಾಗಕ್ಕೆ ಹಾಕಿದ್ದರು. ಎಂಗ್ರಾಸಿಯಾ ಅದರ ಪಾದಗಳನ್ನು ತಿರುಗಿಸಿ ಕೂದಲೊಳಗೆ ಬೆರಳಾಡಿಸಿದರು. ಉಗುರಿನಷ್ಟು ದೊಡ್ಡ ಬಿಳಿ ಮಣ್ಣಿನ ಚೂರು ಸಿಕ್ಕಿತು, ಇನ್ನೊಂದು ಸಿಕ್ಕಿತು. ಅದನ್ನು ಕರವಸ್ತ್ರದಲ್ಲಿ ಕಟ್ಟಿಟ್ಟು ಕಾಸ್ಮೆಯ ಕಡೆ ನೋಡಿದರು.

"ತಲೆ ಹಾಕ್ಕೋ. ಪಂಜಾನೂ ಹಾಕ್ಕೋ."

"ನಾನಾ?"

"ನಂಗೆ ಬಿಪಿ ಇದೆ."

ಕಾಸ್ಮೆ ಹಾಕಿಕೊಂಡ. ಕೊಂಡಿ ಕತ್ತಿನ ಹಿಂದೆ ಕಟ್ಟನೆ ಕೂತಿತು. ಒಳಗೆ ಕತ್ತಲು, ಬಾಯಿಯ ಜಾಲರಿಯಲ್ಲಿ ಒಂದಿಷ್ಟು ಬೆಳಕು, ಎಲಾದಿಯೊನ ಬೆವರಿನ ವಾಸನೆ. ತನ್ನ ಉಸಿರೇ ತನ್ನ ಮುಖಕ್ಕೆ ಹೊಡೆಯಿತು.

"ಈಗ ನೀನೇ ಬಿಚ್ಕೋ," ಎಂಬ ಮಾತು ದೂರದಿಂದ ಕೇಳಿಸಿತು.

ಕೈ ಹಿಂದಕ್ಕೆ ಹೋಯಿತು, ಕೊಂಡಿಯೂ ಸಿಕ್ಕಿತು. ಆದರೆ ದಿಂಬಿನಂಥ ಪಂಜದಲ್ಲಿ ಬೆರಳೇ ಇಲ್ಲ. ಪಂಜ ಕಳಚಲು ನೋಡಿದ. ಅದರ ಪಟ್ಟಿಯೂ ಮೊಣಕೈ ಹತ್ತಿರ, ಇನ್ನೊಬ್ಬರೇ ಎಳೆಯಬೇಕು. ಬೆವರು ಕಣ್ಣಿಗಿಳಿಯಿತು. ಅವನು ಕೌಂಟರನ್ನು ಬಡಿದ. ಜೋರಾಗಿಯೇ ಬಡಿದ. ಮೆತ್ತನೆಯ ಪಂಜ ಹಾಸಿಗೆಯ ಮೇಲೆ ಕೈಯಿಟ್ಟಷ್ಟು ಸದ್ದು ಮಾಡಿತು. ಆಗ ಅವನಿಗೆ ನಿನ್ನೆಯಿಂದ ಮೊದಲ ಬಾರಿಗೆ ಏನೋ ಆಯಿತು. ದುಃಖವಲ್ಲ, ಭಯ. ಎಲಾದಿಯೊನ ಭಯ.

ಎಂಗ್ರಾಸಿಯಾ ಕೊಂಡಿ ಬಿಚ್ಚಿದರು. ಬಿಚ್ಚಿದ ಮೇಲೂ ಅವನು ಸ್ವಲ್ಪ ಹೊತ್ತು ಬಾಯಿ ತೆರೆದುಕೊಂಡೇ ನಿಂತಿದ್ದ.

"ಸಾಕು," ಎಂದರು ಅವರು, ಅವನ ಬೆನ್ನಿಗೆ ಬೀಸಣಿಗೆ ಬೀಸುತ್ತ. "ಇನ್ನು ಒಂದೇ ಜಾಗ ನೋಡೋದಿದೆ."

ಅದು ಓಣಿಯ ಬಾಯಲ್ಲಿದ್ದ ನೆನಪಿನ ವಸ್ತುಗಳ ಅಂಗಡಿ. ಮಧ್ಯಾಹ್ನ ಮುಚ್ಚಿರುತ್ತದೆ, ಬೀಗದ ಕೈ ಓಣಿಯ ಮೊಳೆಗೆ ತೂಗುಹಾಕಿರುತ್ತದೆ, ಅದು ಸಿಬ್ಬಂದಿಗೆಲ್ಲ ಗೊತ್ತು. ಕಿಟಕಿಯಲ್ಲಿ ಬಿಳಿ ಹೂಜಿಗಳು ಸಾಲಾಗಿ ಕೂತಿದ್ದವು. ನಡುವೆ ಒಂದರ ಜಾಗ ಖಾಲಿ ಇತ್ತು. ಧೂಳಿನಲ್ಲಿ ದುಂಡನೆಯ ಗುರುತು ಉಳಿದಿತ್ತು.

ಬಿಸಿಲು ಇಳಿದ ಮೇಲೆ ಎಂಗ್ರಾಸಿಯಾ ಎಲ್ಲರನ್ನೂ ತಂಪುಕೋಣೆಗೇ ಕರೆಸಿದರು. ಕೋಲ್ದೊ ಕೈಕಟ್ಟಿ ಬಾಗಿಲಿಗೊರಗಿದ. ರೊಸೆಂದೊ ನೆಲದ ಮೇಲೆ, ಅರಾಸೆಲಿ ಒಂದೇ ಒಂದು ಕುರ್ಚಿಯ ಮೇಲೆ, ವಿಸಿ ಬೆತ್ತದ ಮಂಚದ ತುದಿಯಲ್ಲಿ. ಕಾಸ್ಮೆ ಗೋಡೆಯ ಪಕ್ಕ ನಿಂತ. ಏಸಿ ಗೊರಗುಡುತ್ತಿತ್ತು.

"ಮೊದಲು ಹೂಜಿ ವಿಷಯ," ಎಂದು ಎಂಗ್ರಾಸಿಯಾ ಶುರು ಮಾಡಿದರು. "ಬಿಳಿ ಮಣ್ಣಿನ ಹೂಜಿ ತುಂಬಿದ್ರೆ ಬೆವರ್ಬೇಕು. ಬೆವರೋದ್ರಿಂದಾನೇ ಒಳಗಿನ ನೀರು ತಣ್ಣಗಾಗೋದು. ನಿನ್ನೆ ಕಾಸ್ಮೆ ಎತ್ತಿದಾಗ ಹೂಜಿ ತುಂಬಿತ್ತು, ಆದ್ರೂ ಒಣಗಿತ್ತು. ಅಂದ್ರೆ ನೀರು ಹಾಕಿ ಜಾಸ್ತಿ ಹೊತ್ತಾಗಿರ್ಲಿಲ್ಲ."

"ಯಾರೋ ಮತ್ತೆ ತುಂಬಿಸಿರ್ತಾರೆ," ಎಂದ ಕೋಲ್ದೊ.

"ಹಳೇ ಹೂಜಿ ಮತ್ತೆ ತುಂಬಿಸಿದ್ರೆ ನೀರು ಮಣ್ಣಿನ ರುಚಿ ಕೊಡಲ್ಲ ಸಾಹೇಬ್ರೇ. ಕಾಸ್ಮೆಗೆ ಮಣ್ಣು ಸಿಕ್ತು, ರೊಸೆಂದೊಗೆ ಗೋಡೆ ನೆಕ್ಕಿದ ಹಾಗಾಯ್ತು. ಅದು ಹೊಸ ಹೂಜಿ. ಅಂಗಡಿ ಕಿಟಕಿಯಿಂದ ಒಂದು ಹೋಗಿದೆ. ಎಲಾದಿಯೊ ಹೂಜಿ ಏನಾಯ್ತು? ಒಡೆದುಹೋಯ್ತು. ಅದರ ಚೂರು ಅವನ ವೇಷದ ಕಾಲಲ್ಲಿ ಸಿಕ್ಕಿದೆ." ಅವರು ಕರವಸ್ತ್ರ ಬಿಚ್ಚಿ ತೋರಿಸಿದರು. "ಹೂಜಿ ಇದ್ದದ್ದು ಈ ಬಾಗಿಲ ಹೊರಗೆ. ಅಂದ್ಮೇಲೆ ಅವನು ಈ ಬಾಗಿಲ ತನಕ ಬಂದಿದ್ದ. ಪಂಜದಲ್ಲಿ ಹೂಜಿ ಎತ್ತೋಕೆ ನೋಡಿದಾನೆ. ಜಾರಿ ಒಡೆದಿದೆ. ಅವನು ಬಿದ್ದಿದ್ದು ಬೆಂಚಲ್ಲಲ್ಲ, ಇಲ್ಲಿ."

ಅವರು ಬಾಗಿಲ ಚಿಲಕದ ಕಡೆ ಬೀಸಣಿಗೆ ತೋರಿಸಿದರು.

"ಬಾಗಿಲ ತನಕ ಬಂದೋನು ಒಳಗೆ ಯಾಕೆ ಬರ್ಲಿಲ್ಲ? ಬಾಗಿಲು ಒಳಗಿಂದ ಚಿಲಕ ಹಾಕಿತ್ತು. ಯಾರೋ ಮಲಗಿದ್ರು. ತಲೆ ಬಿಚ್ಕೊಳ್ಳೋಕೆ ಅವನ ಕೈಲಾಗ್ತಿರ್ಲಿಲ್ಲ, ಕಾಸ್ಮೆ ಅದನ್ನ ಹಾಕ್ಕೊಂಡು ನೋಡಿದಾನೆ. ಮಲಗಿದ್ದೋರು ಎದ್ದು ಬಾಗಿಲು ತೆಗೆದಾಗ ಕತೆ ಮುಗಿದಿತ್ತು. ಅವರು ತಲೆ ಬಿಚ್ಚಿದ್ರು, ಹೆಣಾನ ಬೆಂಚಿಗೆ ಸಾಗಿಸಿದ್ರು, ಚೂರು ಗುಡಿಸಿದ್ರು, ಹೊಸ ಹೂಜಿ ತಂದಿಟ್ರು. ಹೂಜಿ ಇಲ್ದೇ ಇದ್ರೆ ಇಲ್ಲಿ ಏನೋ ಆಗಿದೆ ಅಂತ ಎಲ್ರಿಗೂ ಗೊತ್ತಾಗ್ತಿತ್ತಲ್ಲ."

"ಸೋಂಪಿನ ಸಾರಾಯಿ?" ಅರಾಸೆಲಿ ಕೇಳಿದಳು. ಅವಳಿಗೆ ಬೇಕಾದದ್ದು ಅದೊಂದೇ.

"ಹೇಳ್ತೀನಮ್ಮ. ನಾನೇ ಕುಡಿದು ನೋಡಿದೆ, ಆ ಹೂಜೀಲಿದ್ದದ್ದು ಒಂದು ಚಮಚದಷ್ಟು. ನಿಮ್ಮಪ್ಪನ ಮೇಲೆ ಗೂಬೆ ಕೂರಿಸ್ಬೇಕು ಅಂತ ಹಾಕಿದೋರಾಗಿದ್ರೆ ಅರ್ಧ ಬಾಟ್ಲಿ ಸುರೀತಿದ್ರು, ಖಾಲಿ ಬಾಟ್ಲಿ ಪಕ್ಕದಲ್ಲಿ ಇಡ್ತಿದ್ರು. ಇದು ಆ ಲೆಕ್ಕ ಅಲ್ಲ. ಹೊಸ ಹೂಜಿ ಮನೆಗೆ ಬಂದ್ರೆ ಮಣ್ಣಿನ ರುಚಿ ಹೋಗ್ಲಿ ಅಂತ ನಮ್ಮ ಅಮ್ಮಂದಿರು ಒಂದು ಚಮಚ ಹಾಕಿ ಇಡ್ತಾರಲ್ಲ, ಆ ಅಳತೆ ಇದು. ಕೈ ತಾನಾಗೇ ಮಾಡಿದ ಕೆಲಸ. ಈಗ ನೋಡಿ. ಕೋಲ್ದೊ ಸಾಹೇಬ್ರಿಗೆ ಹೂಜೀಲಿ ಯಾವ ಬಾಯಿಂದ ಕುಡೀಬೇಕು ಅಂತಾನೇ ಗೊತ್ತಿಲ್ಲ, ಹದ ಮಾಡೋದು ಎಲ್ಲಿಂದ ಗೊತ್ತಾಗ್ಬೇಕು. ರೊಸೆಂದೊಗೆ ಗೊತ್ತು. ಆದ್ರೆ ಅವನು ದಿನಾ ಎಲಾದಿಯೊ ಹೂಜೀಲೇ ಕುಡಿಯೋನು, ಅದರಲ್ಲಿ ನಿಂಬೆ ಎಲೆ ಬಿಟ್ರೆ ಬೇರೆ ವಾಸನೆ ಇಲ್ಲ ಅಂತ ಬಲ್ಲೋನು. ಅದೇ ಹೂಜಿ ಅಂತ ನಂಬಿಸ್ಬೇಕಾಗಿದ್ರೆ ಅವನು ಸೋಂಪಿನ ಹತ್ರಾನೂ ಹೋಗ್ತಿರ್ಲಿಲ್ಲ. ಹೂಜಿ ಮನೇಲೇ ಬೆಳೆದೋರು, ಎಲಾದಿಯೊ ಹೂಜೀಲಿ ಮಾತ್ರ ಒಂದು ಗುಟುಕೂ ಕುಡೀದೋರು, ಅಂಥೋರು ಯಾರು?"

ರೊಸೆಂದೊ ನಿಧಾನವಾಗಿ ಮಂಚದ ಕಡೆ ತಿರುಗಿದ.

"ಈ ವೇಷದ ಹೆಣಾನ ಹಗಲು ಹೊತ್ತಲ್ಲಿ ಪಾರ್ಕಲ್ಲಿ ಸಾಗಿಸಿದ್ರೂ ಯಾರೂ ತಿರುಗಿ ನೋಡ್ಲಿಲ್ಲ. ಒಗೆಯೋ ಬಟ್ಟೆ ಗಾಡೀಲಿ ಲಿನ್ಸೊನ ಕಾಲು ನೇತಾಡ್ತಾ ಇದ್ರೆ ಅದು ಒಗೆಯೋಕೆ ಹೋಗ್ತಿರೋ ವೇಷಾನೇ ಅಲ್ವಾ. ಇನ್ನು ಕೊನೇದು. ನಿನ್ನೆ ವಿಸಿ ಕೆನ್ನೆ ಮೇಲೆ ಚೌಕ ಚೌಕ ಗೆರೆ ಇತ್ತು ಅಂತ ಕಾಸ್ಮೆ ಹೇಳಿದ. ಬುಟ್ಟಿಗೆ ಮುಖ ಒತ್ತಿ ಅತ್ತಿರ್ಬೇಕು ಅಂದ್ಕೊಂಡ. ಪಾರ್ಕಿನ ಬಟ್ಟೆ ಬುಟ್ಟಿಗಳೆಲ್ಲ ಪ್ಲಾಸ್ಟಿಕ್ಕಿಂದು ಕಣೋ. ಚೌಕದ ಹೆಣಿಗೆ ಇರೋದು ಅವಳು ಈಗ ಕೂತಿರೋ ಮಂಚದ್ದು. ನಮ್ಮ ವಯಸ್ಸಿನೋರ ಚರ್ಮಕ್ಕೆ ಬಿದ್ದ ಗೆರೆ ಬೇಗ ಹೋಗಲ್ಲ."

ವಿಸಿ ಮಂಚದ ಹೆಣಿಗೆಯ ಮೇಲೆ ಕೈಯಾಡಿಸಿದಳು. ಅಲ್ಲಗಳೆಯಲಿಲ್ಲ.

"ಬಾಗಿಲಿಗೇ ಒರಗಿದ್ದ," ಎಂದಳು. "ತೆಗೆದಾಗ ನನ್ ಕಾಲ ಮೇಲೆ ಬಿದ್ದ. ತಲೆ ಬಿಚ್ಚಿದೆ, ಮುಖಕ್ಕೆ ನೀರು ಹೊಡೆದೆ, ಕೆನ್ನೆಗೆ ಹೊಡೆದೆ. ಏನೂ ಇರ್ಲಿಲ್ಲ. ಆಮೇಲೆ ನಾನೇನು ಮಾಡಿದೆ ಅಂತ ನಂಗೇ ಸರಿಯಾಗಿ ನೆನಪಿಲ್ಲ. ಗಾಡಿ ತಂದೆ. ಗುಡಿಸಿದೆ. ಹೊಟ್ಟೆನೋವಿಗೆ ಅಂತ ಬೀರುವಲ್ಲಿ ಬಾಟ್ಲಿ ಇಟ್ಟಿದೀನಿ, ಹೂಜಿಗೆ ಯಾವಾಗ ಹಾಕಿದೆನೋ. ಕೈ ಹಾಕ್ತು. ಕೋಲ್ದೊ ಬಂದು ಕುಡಿದಿದ್ದ ಅಂದಾಗ್ಲೇ ಗೊತ್ತಾಗಿದ್ದು."

"ಆಗ್ಲಾದ್ರೂ ಹೇಳ್ಬಹುದಿತ್ತು," ಎಂದ ಕಾಸ್ಮೆ. ಅವನ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ.

"ಕೆಲಸ ಹೋಗುತ್ತೆ ಅಂತ ಅಲ್ಲ ಕಣೋ. ಕೆಲಸ ಹಾಳಾಗ್ಲಿ. ಎಲಾದಿಯೊನ್ನ ಸಾಯಿಸಿದೋಳು ಅಂತ ನೀವೆಲ್ಲ ನೋಡ್ತೀರಲ್ಲ, ಈಗ ನೋಡ್ತಿದೀರಲ್ಲ, ಅದಕ್ಕೆ."

ಕೋಲ್ದೊ ಗಂಟಲು ಸರಿಮಾಡಿಕೊಂಡ. "ಅಂದ್ರೆ ಪಾರ್ಕಿಂದು ಏನೂ ತಪ್ಪಿಲ್ಲ ಅಂತಾಯ್ತು."

"ಬಾಯಿ ಮುಚ್ಕೊಂಡು ನಿಂತ್ಕೊಳ್ಳಿ," ಎಂದರು ಎಂಗ್ರಾಸಿಯಾ, ದನಿ ಏರಿಸದೆ. "ಅವನ ಜೊತೆಗೆ ಒಬ್ಬ ಆಳಿದ್ದಿದ್ರೆ ಈ ಬಾಗಿಲು ಹಾಕಿದ್ರೂ ತಲೆ ಬಿಚ್ಚೋರು ಇರ್ತಿದ್ರು. ಪೊಲೀಸರಿಗೆ ಹೇಳಿಯಾಗಿದೆ, ಗೇಟಿನ ಹತ್ರ ಕಾಯ್ತಿದಾರೆ. ನಿಮ್ಮದನ್ನೂ ಅವರಿಗೆ ಹೇಳ್ತೀನಿ."

ಅರಾಸೆಲಿ ಕುರ್ಚಿಯಿಂದ ಎದ್ದು ವಿಸಿಯ ಎದುರು ನಿಂತಳು. ಹೊಡೆಯುತ್ತಾಳೋ ಏನೋ ಎಂದು ಕಾಸ್ಮೆ ಒಂದು ಹೆಜ್ಜೆ ಮುಂದಿಟ್ಟ. ಅವಳ ಕೈ ಎರಡೂ ಪಕ್ಕಕ್ಕೆ ಬಿದ್ದಿದ್ದವು.

"ಬಾಗಿಲು ಬಡಿದ್ರಾ ಅಪ್ಪ?"

ವಿಸಿ ಏಸಿಯ ಕಡೆ ನೋಡಿದಳು. ಕೇಳಿಸಲೇ ಇಲ್ಲ ಎನ್ನಬಹುದಿತ್ತು. ಆ ಗೊರಗುಡುವ ಏಸಿ, ಆ ಮೆತ್ತನೆಯ ಪಂಜ, ಎಲ್ಲರೂ ನಂಬುತ್ತಿದ್ದರು.

"ಬಡಿದ," ಎಂದಳು. "ಮೆತ್ತಗೆ, ತುಂಬ ಹೊತ್ತು. ಏನೋ ಬಿದ್ದು ಒಡೆದದ್ದೂ ಕೇಳಿಸ್ತು. ರೊಸೆಂದೊ ಚೇಷ್ಟೆ ಮಾಡ್ತಿದಾನೆ ಅಂದ್ಕೊಂಡೆ. ಒಳಗೆ ಅಷ್ಟು ತಂಪಾಗಿತ್ತು. ಇನ್ನೊಂದು ಐದು ನಿಮಿಷ ಅಂತ ಮಗ್ಗುಲು ಬದಲಾಯಿಸಿದೆ."

ರೊಸೆಂದೊ ಮುಖ ಮುಚ್ಚಿಕೊಂಡ. ಅರಾಸೆಲಿ ಎಂಗ್ರಾಸಿಯಾ ಕಡೆ ತಿರುಗಿ, "ನಂಗೆ ಈಗ ಸಮಾಧಾನ ಆಗ್ಬೇಕಿತ್ತಲ್ವಾ?" ಎಂದು ನಿಜವಾಗಿಯೂ ಉತ್ತರ ಗೊತ್ತಿಲ್ಲದವಳ ಹಾಗೆ ಕೇಳಿದಳು.

"ಆಗುತ್ತೆ ಅಂತ ನಾನು ಹೇಳಲ್ಲ," ಎಂದರು ಅವರು.

ಹುಡುಗಿ ಫೋನ್ ತೆಗೆದು ಊರಿನಲ್ಲಿದ್ದ ಸೋದರಮಾವನಿಗೆ ಕರೆ ಮಾಡಿದಳು. ಅವಳ ತಾಯಿಯ ಅಣ್ಣ, ಸ್ಮಶಾನದವರ ಹತ್ತಿರ ಕಾಯುತ್ತಿದ್ದವನು. ಏಸಿಯ ಸದ್ದಿಗೆ ಜೋರಾಗಿಯೇ ಮಾತಾಡಬೇಕಾಯಿತು.

"ಮಾವ, ಅಮ್ಮನ ಪಕ್ಕದ ಗೂಡು ತೆಗೆಸಿ. ಹೂಂ, ಅದೇ."

ಆ ಕಡೆಯಿಂದ ಬಂದದ್ದು ಅವಳು ಮಧ್ಯಾಹ್ನ ಕೌಂಟರಿನಲ್ಲಿ ಕೇಳಿದ ಪ್ರಶ್ನೆಯೇ. ಕೋಣೆಯಲ್ಲಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು.

"ಇಲ್ಲ ಮಾವ," ಎಂದಳು. "ನೀರಿಗೆ ಬಂದಿದ್ರು."